ಈರಕ್ಕನಿಗೊಂದು ತಿದ್ದುಪಡಿ

ತಾಲ್ಲೂಕು ವರದಿಗಾರನಾಗಿ ಸೇರಿದ ಮೊದಲ ವಾರ ನಾನು ಬಾಯಿಪಾಠ ಮಾಡಿದ್ದು ಬಸ್ಸಿನ ವೇಳಾಪಟ್ಟಿಯನ್ನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ನನ್ನ ಪಾಲಿಗೆ ಬಂದಿದ್ದವು. ಸುದ್ದಿ ತುಮಕೂರಿನ ಕಚೇರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಬರೆದ ಹಾಳೆಗಳನ್ನು ಕಂದು ಲಕೋಟೆಗೆ ತುಂಬಿ, ಮೇಲೆ ‘ಸುದ್ದಿ, ತುರ್ತು’ ಎಂದು ಬರೆದು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಾಲ್ಕು ಗಂಟೆಗೆ ನಿಲ್ಲುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ತುಮಕೂರು ನಿಲ್ದಾಣದಲ್ಲಿ ನಮ್ಮ ಕಚೇರಿಯ ಅಟೆಂಡರ್ ಅದಕ್ಕಾಗಿ ಕಾದಿರುತ್ತಿದ್ದ. ನಾಲ್ಕರ ಬಸ್ಸು ತಪ್ಪಿದರೆ ಆ ದಿನ ಮೂರು ತಾಲ್ಲೂಕುಗಳಲ್ಲಿ ಏನೂ ನಡೆಯಲಿಲ್ಲ ಎಂದೇ ಲೆಕ್ಕ.

ಆಮೇಲೆ ಫ್ಯಾಕ್ಸ್ ಬಂತು, ಇಮೇಲ್ ಬಂತು. ಈಗ ಕೆಲಸಕ್ಕೆ ಸೇರುವವರು ಕೆರೆ ಏರಿಯ ಮೇಲೆ ನಿಂತುಕೊಂಡೇ ಮೊಬೈಲಿನಲ್ಲಿ ಬರೆದು ಕಳಿಸುತ್ತಾರೆ. ಬಸ್ಸಿನ ಕಥೆ ಹೇಳಿದರೆ ನಗುತ್ತಾರೆ. ನಗಲಿ. ಅವರಿಗೆ ನಾನು ಹೇಳಬೇಕೆಂದಿರುವುದು ಬಸ್ಸಿನ ಬಗ್ಗೆ ಅಲ್ಲ, ಆ ಬಸ್ಸಿನ ಅವಸರದಲ್ಲಿ ಆದ ಎರಡು ತಪ್ಪುಗಳ ಬಗ್ಗೆ. ಒಂದನ್ನು ಮರುದಿನವೇ ತಿದ್ದಿದೆವು. ಇನ್ನೊಂದನ್ನು ತಿದ್ದಿದ್ದು ನಾನು ನಿವೃತ್ತನಾದ ಮೇಲೆ.

ಮೊದಲನೆಯದು ಸಂಪಿಗೆ ಎಂಬ ಊರಿನಲ್ಲಿ ಆದದ್ದು. ಅಲ್ಲೊಂದು ಶಾಲಾ ಕೊಠಡಿಯ ಉದ್ಘಾಟನೆಗೆ ಸಚಿವರು ಬರುವವರಿದ್ದರು. ಸಮಾರಂಭ ಹನ್ನೊಂದು ಗಂಟೆಗೆ. ಎರಡಾದರೂ ಅವರ ಸುಳಿವಿಲ್ಲ. ‘ಇಗೋ ಬಂದ್ರು, ತುರುವೇಕೆರೆ ದಾಟಿದ್ರಂತೆ’ ಎಂದು ಪ್ರತಿ ಹತ್ತು ನಿಮಿಷಕ್ಕೊಬ್ಬರು ಹೇಳುತ್ತಿದ್ದರು. ನನಗೆ ಬಸ್ಸಿನ ಚಿಂತೆ. ಆಹ್ವಾನ ಪತ್ರಿಕೆಯನ್ನು ಮುಂದಿಟ್ಟುಕೊಂಡು, ಸಚಿವರು ಟೇಪು ಕತ್ತರಿಸಿದರು, ಶಿಕ್ಷಣದ ಮಹತ್ವ ಕುರಿತು ಮಾತನಾಡಿದರು ಎಂದು ಬರೆದು ಲಕೋಟೆ ಕಳಿಸಿಬಿಟ್ಟೆ. ಸಚಿವರು ಬರಲೇ ಇಲ್ಲ. ಸಂಜೆ ಐದೂವರೆಗೆ ಹೆಡ್‌ಮಾಸ್ಟರೇ ಟೇಪು ಕತ್ತರಿಸಿ, ಬಂದವರಿಗೆಲ್ಲ ಆರಿದ ಉಪ್ಪಿಟ್ಟು ಕೊಟ್ಟು ಕಳಿಸಿದರಂತೆ.

ಮರುದಿನ ಬೆಳಿಗ್ಗೆ ನಮ್ಮ ಸುದ್ದಿ ಸಂಪಾದಕರ ಫೋನು. ಅವರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು.

“ಏನಯ್ಯಾ, ಮಂತ್ರಿಗಳು ನಿನ್ನೆ ಬೆಂಗಳೂರು ಬಿಟ್ಟು ಅಲ್ಲಾಡಿಲ್ಲವಂತೆ. ಸಂಪಿಗೆಲಿ ಭಾಷಣ ಮಾಡಿದ್ದು ಯಾರು, ನೀನಾ?”

ನಾನೇ ಎಂದು ಒಪ್ಪಿಕೊಂಡೆ.

“ಭಾಷಣ ಚೆನ್ನಾಗಿತ್ತು. ಅವರು ಬಂದಿದ್ರೂ ಅಷ್ಟು ಚೆನ್ನಾಗಿ ಮಾತಾಡ್ತಿರಲಿಲ್ಲ. ಇನ್ನು ಮೇಲೆ ನಡೆದಿದ್ದನ್ನ ಮಾತ್ರ ಬರಿ.”

ಮಾರನೆಯ ದಿನದ ಮುಖಪುಟದಲ್ಲಿ ಚೌಕಟ್ಟು ಹಾಕಿ ತಿದ್ದುಪಡಿ ಬಂತು. ಸಚಿವರ ಕಡೆಯವರು ಕೇಳುವ ಮೊದಲೇ ರಾಯರು ಹಾಕಿಸಿದ್ದರು. ಆ ವಿಷಯದಲ್ಲಿ ಅವರು ಕಟ್ಟುನಿಟ್ಟು.

ರಾಯರ ಇನ್ನೊಂದು ಕಟ್ಟುನಿಟ್ಟು ಕತ್ತರಿಯದು. ಪುಟದಲ್ಲಿ ಜಾಗ ಸಾಲದಿದ್ದರೆ ಅವರು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಿದ್ದರು. “ಮುಖ್ಯವಾದದ್ದನ್ನ ಮೇಲೆ ಹಾಕು. ನಾನು ಓದಿಕೊಂಡು ಕತ್ತರಿಸಲ್ಲ, ಅಳತೆ ನೋಡಿ ಕತ್ತರಿಸ್ತೀನಿ” ಎಂದು ಮೊದಲ ದಿನವೇ ಹೇಳಿದ್ದರು. ಅಪಘಾತಕ್ಕೆ, ತಾಲ್ಲೂಕು ಪಂಚಾಯಿತಿ ಸಭೆಗೆ, ಕೊಬ್ಬರಿ ಗೋದಾಮಿಗೆ ಬಿದ್ದ ಬೆಂಕಿಗೆ ಈ ನಿಯಮ ಸರಿಯಾಗಿಯೇ ಹೊಂದುತ್ತಿತ್ತು. ಎಷ್ಟು ಜನರಿಗೆ ಗಾಯ ಎಂಬುದು ಮೊದಲ ಸಾಲಿನಲ್ಲಿರುತ್ತಿತ್ತು. ಪೊಲೀಸರು ಸ್ಥಳಕ್ಕೆ ಭೇಟಿ ನೀಡಿದರು ಎಂಬುದು ಕೊನೆಯ ಸಾಲು. ಅದು ಹೋದರೆ ಯಾರಿಗೂ ನಷ್ಟವಿಲ್ಲ.

ಹಾಡಿಗೆ ಆ ನಿಯಮ ಹೊಂದುವುದಿಲ್ಲ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಹುಳಿಯಾರಿನ ಆಚೆ ಒಂದು ಹಟ್ಟಿ. ಕುರಿ ಕಾಯುವವರ ಇಪ್ಪತ್ತೈದು ಮೂವತ್ತು ಮನೆಗಳು. ಕೆಟ್ಟು ನಿಂತ ನೀರಿನ ಪಂಪಿನ ಬಗ್ಗೆ ಬರೆಯಲು ಅಲ್ಲಿಗೆ ಹೋಗಿದ್ದೆ. ಇದು ಮೂವತ್ತು ವರ್ಷಗಳ ಹಿಂದಿನ ಮಾತು. ಕೆಲಸ ಬೇಗ ಮುಗಿಯಿತು. ಹೊಂಗೆ ಮರದ ಕೆಳಗೆ ಅಜ್ಜಿಯೊಬ್ಬರು ಉಣ್ಣೆ ನೂಲುತ್ತ ಹಾಡಿಕೊಳ್ಳುತ್ತಿದ್ದರು. ಹಟ್ಟಿಯಲ್ಲಿ ಅವರನ್ನು ಪದದ ನಿಂಗಜ್ಜಿ ಎನ್ನುತ್ತಿದ್ದರು. ಪಕ್ಕದಲ್ಲಿ ಅವರ ಮಗಳು ಕರಿಯಮ್ಮ ಉಣ್ಣೆ ಬಿಡಿಸುತ್ತ ಕೂತಿದ್ದರು. ಇಪ್ಪತ್ತೈದರ ಆಸುಪಾಸಿನ ಹೆಣ್ಣು ಮಗಳು.

“ಪಂಪಿನ ಸುದ್ದಿ ಎಲ್ಲಾ ಊರಾಗೂ ಐತೆ. ಇದ್ನ ಬರ್ಕಳಿ ಸ್ವಾಮಿ” ಎಂದು ಕರಿಯಮ್ಮನೇ ಕರೆದರು. “ಈರಕ್ಕನ ಪದ ಇಡೀಯಾಗಿ ಬರಾದು ನಮ್ಮವ್ವಂಗೊಬ್ಳಿಗೇಯ. ನಾನು ಈಗ ಕಲೀತಾ ಇವ್ನಿ.”

ಕೂತು ಬರೆದುಕೊಂಡೆ. ಪದದ ಕಥೆ ಇಷ್ಟು. ತೆಂಗಿನ ತೋಟಕ್ಕೆ ಗೊಬ್ಬರವಾಗಲೆಂದು ಕುರಿ ಮಂದೆಯನ್ನು ಕೆಲವು ದಿನ ತೋಟದಲ್ಲೇ ನಿಲ್ಲಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಹಾಗೆ ಕೆರೆಯ ಆಚೆಯ ತೋಟವೊಂದರಲ್ಲಿ ಒಂಬತ್ತು ದಿನ ಮಂದೆ ನಿಲ್ಲುತ್ತದೆ. ಅಪ್ಪ ಅಣ್ಣನ ಜೊತೆ ಈರಕ್ಕ ಬಂದಿರುತ್ತಾಳೆ. ತೋಟದವರ ಮಗ ಕೆಂಚ ಎಷ್ಟೆತ್ತರದ ಮರವನ್ನಾದರೂ ಹತ್ತಬಲ್ಲವನು, ನೀರು ಕಂಡರೆ ಮಾತ್ರ ಭಯ. ಇಬ್ಬರೂ ಒಪ್ಪುತ್ತಾರೆ. ಮುಂದಿನ ಬೇಸಿಗೆಗೆ ಮಂದೆ ಬಂದಾಗ ಹಿರಿಯರಿಗೆ ಹೇಳುವುದೆಂದು ಮಾತಾಗುತ್ತದೆ. ಅಣ್ಣನಿಗೆ ಇದು ತಿಳಿದು, ಮರುವರ್ಷ ಅವನು ಮಂದೆಯನ್ನು ಬೇರೆ ದಿಕ್ಕಿಗೆ ತಿರುಗಿಸುತ್ತಾನೆ. ಕೆಂಚ ದಿನಾ ಸಂಜೆ ತೋಟದ ಅತಿ ಎತ್ತರದ ಮರ ಹತ್ತಿ ಹಟ್ಟಿಯ ಕಡೆ ನೋಡುತ್ತ ಕೂರುತ್ತಾನೆ. ಈಚೆ ದಡದಲ್ಲಿ ನಿಂತ ಈರಕ್ಕನಿಗೆ ಮರದ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಆ ವರ್ಷ ಕೆರೆ ಕೋಡಿ ಬೀಳುವಷ್ಟು ತುಂಬಿರುತ್ತದೆ. ಈರಕ್ಕನಿಗೆ ಬೇರೆ ಕಡೆ ಗಂಡು ಗೊತ್ತು ಮಾಡುತ್ತಾರೆ. ಮದುವೆಯ ಹಿಂದಿನ ದಿನ ಅವಳು ಕೆರೆಗೆ ಇಳಿಯುತ್ತಾಳೆ.

ಇಲ್ಲಿಗೆ ಬರುವಾಗ ಒಂದೂವರೆ ದಾಟಿತ್ತು. ನಾನು ಗಡಿಯಾರ ನೋಡಿದೆ.

“ಇನ್ನೂ ಎಷ್ಟಿದೆ ಅಜ್ಜಿ?”

“ಯಾಕಪ್ಪಾ, ಈರಕ್ಕಂಗಿಂತ ನಿಂಗೇ ಅವಸ್ರ ಆಯ್ತಲ್ಲ! ಅವ್ಳಿನ್ನಾ ನೀರ್ನಾಗವ್ಳೆ, ಬುಟ್ಟು ಓಯ್ತೀಯಾ?”

ಅಜ್ಜಿ ಮುಂದಕ್ಕೆ ಹಾಡಿದರು. ನಾನು ಅರ್ಧ ಕೇಳುತ್ತ, ಅರ್ಧ ಚೀಲ ಜೋಡಿಸುತ್ತ ನಿಂತೆ. ನಮ್ಮ ಕಡೆ ಈಜು ಕಲಿಯುವವರು ಸಿಪ್ಪೆ ಸಹಿತ ಇರುವ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಯಾಗಿ ಕಟ್ಟಿ ಎದೆಗೆ ಆನಿಸಿಕೊಳ್ಳುತ್ತಾರೆ. ಕೆಂಚ ಕೊಟ್ಟಿದ್ದ ಅಂಥ ಜೋಡಿ ಕಾಯಿಯನ್ನು ಹಿಡಿದು ಈರಕ್ಕ ಕೆರೆ ದಾಟುತ್ತಾಳೆ. ಮರದ ಕೆಳಗೆ ನಿಂತು ಅವನನ್ನು ಕರೆಯುತ್ತಾಳೆ. ಹಟ್ಟಿಯ ಕಡೆಯೂ ಅಲ್ಲ, ತೋಟದ ಕಡೆಯೂ ಅಲ್ಲ, ಕೆರೆ ಕೋಡಿಯ ಹತ್ತಿರ ಇಬ್ಬರೂ ಗುಡಿಸಲು ಕಟ್ಟಿಕೊಳ್ಳುತ್ತಾರೆ. ವರ್ಷ ಕಳೆದ ಮೇಲೆ ಅಣ್ಣ ಒಂದು ಕುರಿಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಪದ ಮುಗಿಯುವುದು ಅಲ್ಲಿ.

ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬರೆದೆ. ಅಜ್ಜಿ ಹಾಡಿದ ಕ್ರಮದಲ್ಲೇ ಬರೆದೆ. ಈರಕ್ಕ ದಾಟಿದ್ದು, ಕರೆದದ್ದು, ಅಣ್ಣ ಬಂದದ್ದು ಕೊನೆಯ ಎರಡು ಪ್ಯಾರಾದಲ್ಲಿ ಇದ್ದವು. ಪತ್ರಿಕೆ ನೋಡಿದರೆ ಆ ಎರಡು ಪ್ಯಾರಾ ಇರಲಿಲ್ಲ. ಜಾಹೀರಾತೊಂದು ಕೊನೇ ಗಳಿಗೆಯಲ್ಲಿ ಬಂದಿತ್ತಂತೆ. ‘ಮದುವೆಯ ಹಿಂದಿನ ದಿನ ಈರಕ್ಕ ತುಂಬಿದ ಕೆರೆಗೆ ಇಳಿದಳು’ ಎಂಬಲ್ಲಿಗೆ ವರದಿ ಮುಗಿದಿತ್ತು. ಉಳಿದಷ್ಟನ್ನು ಓದಿ ರಾಯರು ಶೀರ್ಷಿಕೆ ಕೊಟ್ಟಿದ್ದರು: ‘ಪ್ರೀತಿಗಾಗಿ ಪ್ರಾಣ ಬಿಟ್ಟ ಈರಕ್ಕ’.

ಫೋನ್ ಮಾಡಿ ಹೇಳಿದೆ. “ಸಾರ್, ಅವಳು ಸಾಯಲ್ಲ. ತಿದ್ದುಪಡಿ ಹಾಕಬೇಕು.”

“ಹಾಡಿಗೆಲ್ಲ ಯಾರಯ್ಯಾ ತಿದ್ದುಪಡಿ ಹಾಕ್ತಾರೆ? ಅವಳೇನು ಮಂತ್ರಿನಾ?”

ಇನ್ನೊಂದು ಸಲ ಕೇಳಬಹುದಿತ್ತು, ಕೇಳಲಿಲ್ಲ. ಕಾರಣವನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಆ ವರದಿಯನ್ನು ಜನ ಮೆಚ್ಚಿದ್ದರು. ಓದಿ ಕಣ್ಣೀರು ಬಂತು ಎಂದು ಕಚೇರಿಗೆ ಪತ್ರಗಳು ಬಂದಿದ್ದವು. ತಹಶೀಲ್ದಾರರ ಹೆಂಡತಿ ಕೂಡ ವಿಚಾರಿಸಿದ್ದರು. ಅಲ್ಲಿಯತನಕ ನನ್ನನ್ನು ‘ಪಂಪು, ಚರಂಡಿ ಬರೆಯೋನು’ ಎನ್ನುತ್ತಿದ್ದವರು ಹೆಸರು ಹಿಡಿದು ಕರೆಯತೊಡಗಿದ್ದರು. ಈರಕ್ಕ ಬದುಕಿದ್ದರೆ ಅಷ್ಟು ಪತ್ರ ಬರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಸುಮ್ಮನಾದೆ.

ಆ ಹಟ್ಟಿಗೆ ಮತ್ತೆ ಹೋಗುವ ಪ್ರಸಂಗ ಬರಲಿಲ್ಲ. ಬಂದಿದ್ದರೂ ಬಹುಶಃ ತಪ್ಪಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ತಿಪಟೂರಿನ ನನ್ನ ಮನೆಗೆ ಶೈಲಜಾ ಎಂಬ ಕನ್ನಡ ಉಪನ್ಯಾಸಕಿ ಬಂದರು. ಮೂವತ್ತು ಮೂವತ್ತೆರಡು ವಯಸ್ಸು. ಕೂರುವ ಮೊದಲೇ ಬ್ಯಾಗಿನಿಂದ ಒಂದು ಜೆರಾಕ್ಸ್ ಪ್ರತಿ ತೆಗೆದರು.

“ಸಾರ್, ಇದನ್ನ ಬರೆದದ್ದು ನೀವೇನಾ?”

ನನ್ನದೇ ವರದಿ. ಮೇಲೆ ರಾಯರ ಶೀರ್ಷಿಕೆ.

ಅವರು ಹೇಳಿದ ವಿಷಯ ಹೀಗಿತ್ತು. ಈರಕ್ಕನ ಕಥೆಯನ್ನು ಈ ಕಾಲಕ್ಕೆ ತಂದು ಅವರು ತಮ್ಮ ವಿದ್ಯಾರ್ಥಿಗಳಿಗೆ ನಾಟಕ ಬರೆದಿದ್ದಾರೆ. ಆ ಹಟ್ಟಿಯ ಆರು ಹುಡುಗಿಯರು ಅದರಲ್ಲಿ ಪಾತ್ರ ಮಾಡುತ್ತಿದ್ದಾರೆ. ಕರಿಯಮ್ಮ ರಂಗದ ಮೇಲೆ ಕೂತು ಪದ ಹಾಡಲಿದ್ದಾರೆ. ಅವರು ಹಾಡಿದಂತೆ ನಾಟಕದಲ್ಲೂ ಈರಕ್ಕ ಬದುಕುತ್ತಾಳೆ. ಪ್ರದರ್ಶನಕ್ಕೆ ಹದಿನೈದು ದಿನವಿದೆ. ಈಗ ಹಟ್ಟಿಯ ಯಜಮಾನ ಚಿಕ್ಕಣ್ಣ ಅಡ್ಡ ನಿಂತಿದ್ದಾರೆ. ಪೇಪರಿನಲ್ಲಿ ಇರುವಂತೆ ಕಥೆ ಮುಗಿಸಿದರೆ ಸರಿ, ಇಲ್ಲವಾದರೆ ಹಟ್ಟಿಯ ಹುಡುಗಿಯರನ್ನು ಕಳಿಸುವುದಿಲ್ಲ ಎಂದಿದ್ದಾರೆ.

“ಪೇಪರಲ್ಲಿ ಬಂದಮೇಲೆ ಏನಾಗಿದೆ ಅಂತ ನಿಮಗೆ ಗೊತ್ತಿಲ್ವಾ ಸಾರ್?” ಎಂದು ಕೇಳಿದರು.

ಗೊತ್ತಿರಲಿಲ್ಲ. ವರದಿ ಬಂದ ವರ್ಷದೊಳಗೆ ನಿಂಗಜ್ಜಿ ತೀರಿಕೊಂಡಿದ್ದರು. ಪತ್ರಿಕೆಯ ತುಣುಕಿಗೆ ಗಾಜು ಹಾಕಿಸಿ ಯಜಮಾನರ ಮನೆಯಲ್ಲಿ ತೂಗುಹಾಕಿದ್ದರು. ಕೆರೆ ಏರಿಯ ಮೇಲೆ ಒಂದು ಕಲ್ಲು ನಿಲ್ಲಿಸಿ, ಪ್ರಾಣ ಬಿಟ್ಟ ಈರಕ್ಕ ಎಂದು ಅರಿಶಿನ ಕುಂಕುಮ ಹಚ್ಚಿ, ವರ್ಷಕ್ಕೊಂದು ಸಲ ಎಡೆ ಇಡತೊಡಗಿದ್ದರು. ಕರಿಯಮ್ಮ ಅಲ್ಲಿ ಪದ ಹಾಡಬೇಕು. ಮೊದಲ ವರ್ಷ ಅವರು ಕೆರೆ ದಾಟಿದ ಭಾಗಕ್ಕೆ ಬಂದಾಗ ಹಿರಿಯರು ತಡೆದರು. ಪೇಪರಿನಲ್ಲಿ ಇಲ್ಲದ್ದನ್ನು ಸೇರಿಸಬೇಡ ಎಂದರು. ಎರಡನೆಯ ವರ್ಷ, ಕಟ್ಟುಕಥೆ ಹೇಳುತ್ತಾಳೆ ಎಂದರು. ಆಮೇಲೆ ಕರಿಯಮ್ಮ ಈರಕ್ಕನನ್ನು ನೀರಿಗೆ ಇಳಿಸಿ ಅಲ್ಲಿಗೇ ಎದ್ದುಬಿಡುತ್ತಿದ್ದರು. ಉಳಿದರ್ಧವನ್ನು ಅವರು ಮೂವತ್ತು ವರ್ಷ ಯಾರೆದುರಿಗೂ ಹಾಡಿರಲಿಲ್ಲ. ಶೈಲಜಾ ಬಂದು ಕೇಳಿದಾಗ ಹಾಡಿದ್ದೇ ಮೊದಲು.

“ಈಗ ಏನಂತಾರೆ ಕರಿಯಮ್ಮ?”

“ಈ ಸಲಾನೂ ಅಲ್ಲಿಗೇ ನಿಲ್ಲಿಸು ಅಂದ್ರೆ ಇನ್ಯಾವತ್ತೂ ಬಾಯಿ ಬಿಡಲ್ಲ, ಪದ ನನ್ನ ಜೊತೇಲೇ ಮಣ್ಣಿಗೆ ಹೋಗ್ಲಿ ಅಂತಾರೆ. ಅವರನ್ನು ಬಿಟ್ರೆ ಆ ಪದ ಯಾರಿಗೂ ಬರಲ್ಲ ಸಾರ್. ಅಜ್ಜಿ ನಿಮಗೆ ಕೊನೇವರೆಗೂ ಹಾಡಿದ್ರಾ? ನೆನಪಿದೆಯಾ?”

ನೆನಪಿನ ಮೇಲೆ ಹೇಳುವುದಿಲ್ಲ, ನೋಟ್‌ಬುಕ್ ನೋಡಿ ಹೇಳುತ್ತೇನೆ, ಎರಡು ದಿನ ಕೊಡಿ ಎಂದೆ. ಕೇಳುವವರಿಗೆ ಇದು ವರದಿಗಾರನ ಶಿಸ್ತಿನಂತೆ ಕಾಣುತ್ತದೆ. ನಿಜ ಹೇಳಬೇಕೆಂದರೆ ನನಗೆ ಎಲ್ಲ ನೆನಪಿತ್ತು. ಎರಡು ದಿನ ಬೇಕಾಗಿದ್ದದ್ದು ಒಪ್ಪಿಕೊಳ್ಳುವುದಕ್ಕೆ.

ಹಳೆಯ ನೋಟ್‌ಬುಕ್ಕುಗಳನ್ನು ನಾನು ಎಸೆದಿಲ್ಲ. ಅವನ್ನು ವರ್ಷಾನುಸಾರ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಈರಕ್ಕನ ಪುಟಗಳು ಸಿಕ್ಕಿದವು. ಮೊದಲ ಅರ್ಧವನ್ನು ಅಜ್ಜಿಯ ಮಾತಿನಲ್ಲೇ, ಸಾಲು ಸಾಲಾಗಿ ಬರೆದುಕೊಂಡಿದ್ದೆ. ಕೊನೆಯದು ಮಾತ್ರ ನನ್ನ ಅವಸರದ ಬರಹದಲ್ಲಿ ನಾಲ್ಕು ತುಂಡು: ‘ಜೋಡಿ ಕಾಯಿ ಹಿಡಿದು ದಾಟಿದಳು. ಮರದ ಕೆಳಗೆ ಕರೆದಳು. ಕೋಡಿ ಹತ್ರ ಮನೆ. ಅಣ್ಣ, ಕುರಿಮರಿ.’ ಅದರ ಕೆಳಗೆ ‘ಬಸ್ 4’. ಹಾಡಿನ ಒಂದು ಸಾಲೂ ಇಲ್ಲ. ರಾಯರು ಕತ್ತರಿಸುವ ಮೊದಲೇ ನಾನು ಕತ್ತರಿಸಿದ್ದೆ. ಇಷ್ಟು ವರ್ಷ ತಪ್ಪನ್ನು ರಾಯರ ಕತ್ತರಿಯ ಮೇಲೆ ಹಾಕಿ ಆರಾಮಾಗಿದ್ದವನಿಗೆ ಆ ಪುಟ ನೋಡಿ ನಾಚಿಕೆಯಾಯಿತು.

ಎರಡು ದಿನದ ಮೇಲೆ ಶೈಲಜಾ ಅವರಿಗೆ ಪುಟ ತೋರಿಸಿದೆ. ಅವರು ತಕ್ಷಣ ಹಟ್ಟಿಗೆ ಹೋಗೋಣ ಎಂದರು. ಮೊದಲು ನಾಟಕ ನೋಡುತ್ತೇನೆ ಎಂದೆ. ನೋಡದ ನಾಟಕದ ಪರವಾಗಿ ಮಾತಾಡುವುದು ಸಂಪಿಗೆಯ ಭಾಷಣದಂತೆಯೇ ಆಗುತ್ತಿತ್ತು.

ಕಾಲೇಜಿನ ಸಭಾಂಗಣದಲ್ಲಿ ಅಭ್ಯಾಸ ನಡೆಯುತ್ತಿತ್ತು. ಹಳೆಯ ಪದವನ್ನೂ ಹೊಸ ನಾಟಕವನ್ನೂ ಅಕ್ಕಪಕ್ಕ ಇಟ್ಟು ಟಿಪ್ಪಣಿ ಮಾಡಿಕೊಂಡೆ. ನಾಟಕದಲ್ಲಿ ಮಂದೆ ಲಾರಿಯಲ್ಲಿ ಬರುತ್ತದೆ. ಈರಕ್ಕ ಬಿ.ಎ. ಓದುತ್ತಿರುವವಳು, ರಜೆಯಲ್ಲಿ ಅಪ್ಪನ ಜೊತೆ ಬಂದಿರುತ್ತಾಳೆ. ಕೆಂಚ ಮರ ಹತ್ತುವ ಯಂತ್ರ ಕಟ್ಟಿಕೊಂಡು ಊರೂರು ತಿರುಗಿ ಕಾಯಿ ಇಳಿಸುವವನು. ಅಣ್ಣ ಮಂದೆಯ ದಾರಿ ತಿರುಗಿಸುವ ಬದಲು ಅವಳ ಮೊಬೈಲ್ ಕಿತ್ತಿಟ್ಟುಕೊಳ್ಳುತ್ತಾನೆ. ಅಭ್ಯಾಸ ನೋಡುತ್ತ ಕೂತ ವಿದ್ಯಾರ್ಥಿಗಳು ನಗುತ್ತಾರೆ, ಎಲ್ಲವೂ ಚುರುಕಾಗಿದೆ. ಆದರೆ ಪದದಲ್ಲಿ ಒಂಬತ್ತು ದಿನಕ್ಕೆ ಒಂಬತ್ತು ನುಡಿಗಳಿವೆ. ಮೊದಲ ನಾಲ್ಕರಲ್ಲಿ ಅವರಿಬ್ಬರೂ ಮಾತೇ ಆಡುವುದಿಲ್ಲ. ಕುರಿ ಎಣಿಸುವಾಗ ಅವನು ತಪ್ಪು ಎಣಿಸುತ್ತಾನೆ, ಅವಳು ತಿದ್ದುತ್ತಾಳೆ, ಅಷ್ಟೇ. ನಾಟಕದಲ್ಲಿ ಒಂದು ಹಾಡು ಮುಗಿಯುವುದರೊಳಗೆ ನಂಬರ್ ವಿನಿಮಯವಾಗಿರುತ್ತದೆ. ಕಾಯುವುದರ ಭಾರ ಹಳೆಯದರಲ್ಲಿ ಹೆಚ್ಚು ಎಂದು ಬರೆದುಕೊಂಡೆ.

ಹೊಸದು ಗೆದ್ದದ್ದು ಕೆರೆಯ ದೃಶ್ಯದಲ್ಲಿ. ಪದದ ಕೆಂಚ ಅವಳು ದಾಟಿ ಬಂದು ಕರೆಯುವತನಕ ಮರ ಇಳಿಯುವುದಿಲ್ಲ. ನಾಟಕದ ಕೆಂಚ ಅವಳು ನೀರಿಗಿಳಿದದ್ದನ್ನು ನೋಡಿ ಮರದಿಂದ ಜಾರಿ ಬಂದು, ಈಜು ಬಾರದಿದ್ದರೂ ಕೆರೆಗೆ ಇಳಿದುಬಿಡುತ್ತಾನೆ. ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಕೂಗುವವನಿಗೆ ಈರಕ್ಕನ ಪಾತ್ರದ ಹುಡುಗಿ ಹೇಳುತ್ತಾಳೆ:

“ನೀನ್ಯಾಕ್ಲಾ ಇಳ್ದೆ? ಈಗ ನಿನ್ನೂ ನಾನೇ ಎಳ್ಕಂಡು ಹೋಗ್ಬೇಕಲ್ಲ!”

“ವಿದ್ಯಾರ್ಥಿನಿಯರೇ ಹಟ ಹಿಡಿದರು ಸಾರ್. ಅವನು ಮರದ ಮೇಲೇ ಕೂತಿದ್ರೆ ನಾವು ಯಾಕೆ ದಾಟಬೇಕು ಅಂತ” ಎಂದರು ಶೈಲಜಾ.

ಗೋಡೆಯ ಪಕ್ಕ ಚಾಪೆಯ ಮೇಲೆ ಕರಿಯಮ್ಮ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು. ನಾನು ಯಾರೆಂದು ಶೈಲಜಾ ಆಗಲೇ ಹೇಳಿದ್ದರು. ಹತ್ತಿರ ಹೋಗಿ ಕೂತೆ. ನನ್ನ ಕಡೆ ತಿರುಗಿ ಕೇಳಿದರು:

“ಅವತ್ತು ಬಸ್ಸು ಸಿಕ್ತಾ ಸ್ವಾಮಿ?”

“ಸಿಕ್ತು ಕರಿಯಮ್ಮ.”

“ನಂ ಈರಕ್ಕಂಗೇ ಸಿಗ್ನಿಲ್ಲ.”

ಮಾತು ಬದಲಿಸಲು, ನಾಟಕ ಹೇಗಿದೆ ಎಂದು ಕೇಳಿದೆ.

“ಚಂದಾಗೈತೆ. ಆದ್ರೆ ನಮ್ಮವ್ವನ ಕೆಂಚ ಇಳಿಯಾಕಿಲ್ಲ ಕಣ್ರೀ. ಕರ್ದಾಗ ಇಳೀತಾನೆ. ಅದ್ರಾಗೂ ಒಂದು ಗತ್ತೈತೆ. ಅವ್ಳು ಕರೀಬೇಕು, ಇವ್ನು ಇಳೀಬೇಕು. ಇರ್ಲಿ, ಈಗಿನ್ ಹುಡ್ಗೀರ್ಗೆ ಇದೇ ಸರಿ ಕಾಣ್ತದೆ. ನಂದು ಒಂದೇ ತಕರಾರು. ಈ ಮೇಡಮ್ಮಾರು ಅಣ್ಣನ್ನ ಬುಟ್ಟವ್ರೆ.”

ನಾಟಕದಲ್ಲಿ ಅಣ್ಣ ಕೊನೆಗೆ ಬರುತ್ತಿರಲಿಲ್ಲ. ಅವನಿಗೆ ಕ್ಷಮೆ ಯಾಕೆ ಎಂದು ಶೈಲಜಾ ಆ ಭಾಗವನ್ನು ಬಿಟ್ಟಿದ್ದರು.

“ಅವ್ನು ಮರಿ ಹೊತ್ಕಂಡು ಬರ್ಬೇಕು ಕಣವ್ವಾ” ಎಂದರು ಕರಿಯಮ್ಮ ಅವರ ಕಡೆ ತಿರುಗಿ. “ಹೋಗದಾದ್ರೆ ಯಾರ್ ಬೇಕಾದ್ರೂ ಹೋಯ್ತಾರೆ. ಹಿಂದ್ಗಡಿಂದ ಅಣ್ಣ ಬಂದ ಅಂತ್ಲೇ ನಮ್ಮವ್ವ ಈ ಪದ ಹಾಡ್ತಿದ್ದಿದ್ದು.”

ಶೈಲಜಾ ವಾದ ಮಾಡಲಿಲ್ಲ. ಮರುದಿನ ಅಣ್ಣನ ದೃಶ್ಯ ಬರೆದುಕೊಂಡು ಬಂದರು.

ಅದಾದ ನಾಲ್ಕೈದು ದಿನಕ್ಕೆ ಮೂವರೂ ಹಟ್ಟಿಗೆ ಹೋದೆವು. ಯಜಮಾನ ಚಿಕ್ಕಣ್ಣನ ಜಗಲಿಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಗೋಡೆಯ ಮೇಲೆ ಗಾಜಿನೊಳಗೆ ನನ್ನ ವರದಿ. ಮೂವತ್ತು ವರ್ಷದ ಹೊಗೆಗೆ ಹಳದಿಯಾಗಿತ್ತು. ಎಪ್ಪತ್ತು ದಾಟಿದ ಚಿಕ್ಕಣ್ಣ ನನ್ನನ್ನು ಗೌರವದಿಂದಲೇ ಕೂರಿಸಿದರು. ಅದು ಇನ್ನೂ ಕಷ್ಟವಾಯಿತು.

ನಿಂತುಕೊಂಡು ಹೇಳಿದೆ. ಅಜ್ಜಿ ಪೂರ್ತಿ ಹಾಡಿದ್ದರು, ಈರಕ್ಕ ದಾಟಿದ್ದಳು, ನಾನು ಅವಸರದಲ್ಲಿ ಬರೆದೆ, ಕಚೇರಿಯಲ್ಲಿ ಕೊನೆ ಕತ್ತರಿಸಿ ತಪ್ಪು ಶೀರ್ಷಿಕೆ ಹಾಕಿದರು, ತಪ್ಪೆಂದು ಗೊತ್ತಿದ್ದೂ ನಾನು ಬಿಟ್ಟೆ, ಕರಿಯಮ್ಮ ಒಂದಕ್ಷರವನ್ನೂ ಸೇರಿಸಿಲ್ಲ. ನೋಟ್‌ಬುಕ್ಕಿನ ಪುಟ ತೆರೆದು ಓದಿದೆ.

ಚಿಕ್ಕಣ್ಣ ಗೋಡೆಯ ಕಡೆ ನೋಡಿ, “ಸ್ವಾಮಿ, ನಮ್ ಹಟ್ಟಿ ಹೆಸ್ರು ಪೇಪರ್ನಾಗೆ ಬತ್ತಿದ್ದಿದ್ದು ಹೊಡ್ದಾಟ ಆದಾಗ, ಕುರಿ ಕಳುವಾದಾಗ. ಒಳ್ಳೇದಕ್ಕೆ ಬಂದಿದ್ದು ಇದೊಂದೇ ಸಲ. ಅದ್ಕೇ ಗಾಜು ಹಾಕ್ಸಿದ್ದು. ಈಗ ನೀವೇ ಬಂದು ಸುಳ್ಳು ಅಂತೀರಿ” ಎಂದರು.

“ಒಳ್ಳೇದು ಸುಳ್ಳಲ್ಲ ಚಿಕ್ಕಣ್ಣನೋರೇ. ಸತ್ತಿದ್ದು ಸುಳ್ಳು.”

“ಸತ್ತೋಳು ಅಂತ ಕಲ್ಲು ನಿಲ್ಸಿ ಇಷ್ಟು ವರ್ಸ ಎಡೆ ಇಕ್ಕಿದ್ದೀವಿ. ಬದುಕಿದ್ಲು ಅಂದ್ರೆ ಆ ಕಲ್ನ ಏನ್ ಮಾಡನ?”

ಕಂಬಕ್ಕೆ ಒರಗಿ ಕೂತಿದ್ದ ಕರಿಯಮ್ಮ ಹೇಳಿದರು:

“ಇರ್ಲಿ ಬುಡಣ್ಣಾ, ಕಲ್ಯಾಕೆ ಕೀಳ್ಬೇಕು? ಬದುಕಿದ್ದೋಳ್ಗೂ ಎಡೆ ಇಕ್ಬೌದು. ಕೆರೆ ಈಜ್ದೋಳ್ಗೆ ಹೊಟ್ಟೆ ಹಸ್ಯಾಕಿಲ್ವಾ?”

ಮೊದಲು ನಕ್ಕದ್ದು ಬಾಗಿಲ ಒಳಗಿದ್ದ ಹೆಂಗಸರು. ಆಮೇಲೆ ಜಗಲಿಯೂ ನಕ್ಕಿತು. ಚಿಕ್ಕಣ್ಣ ನಗಲಿಲ್ಲ, ಆದರೆ ಎದ್ದುಹೋಗಲೂ ಇಲ್ಲ.

“ಆಯ್ತು ಕಣಮ್ಮ. ನಿಂಗೆ ಸುಳ್ಳಿ ಅಂದೋನು ನಾನೇಯ. ಮನಸ್ನಾಗಿಟ್ಕಾಬ್ಯಾಡ” ಎಂದು ಕರಿಯಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿದರು. “ಆದ್ರೆ ಸ್ವಾಮಿ, ಬಾಯಲ್ ಹೇಳಿದ್ರೆ ಆಗಾಕಿಲ್ಲ. ನಾಳೆ ನೀವೂ ಇರಾಕಿಲ್ಲ, ನಾನೂ ಇರಾಕಿಲ್ಲ, ಈ ಗಾಜು ಇರ್ತದೆ. ಪೇಪರ್ನಾಗೆ ಬಂದಿದ್ದು ಪೇಪರ್ನಾಗೇ ಹೋಗ್ಬೇಕು. ಅದು ಬಂದ್ರೆ ಹುಡ್ಗೀರು ಬತ್ತಾರೆ.”

ಅದು ನ್ಯಾಯವಾದ ಮಾತು. ಪ್ರದರ್ಶನಕ್ಕೆ ಇನ್ನು ಏಳೇ ದಿನ. ರಾಯರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ಜಾಗದಲ್ಲಿ ಈಗಿರುವುದು ಮೂವತ್ತೈದರ ಯುವಕ. ಫೋನ್ ಮಾಡಿದೆ.

“ಸಾರ್, ಮೂವತ್ತು ವರ್ಷದ ಹಿಂದಿನ ಸುದ್ದಿಗೆ ತಿದ್ದುಪಡೀನಾ? ಅದೂ ಹಾಡಿಗೆ?”

“ಹೌದು.”

“ಆಧಾರ ಏನಿದೆ ಸಾರ್?”

ಸರಿಯಾದ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿದೆ. ನಾಲ್ಕು ದಿನ ಉತ್ತರ ಬರಲಿಲ್ಲ. ಕೊನೆಗೆ, ಬರೆದು ಕಳಿಸಿ, ಚಿಕ್ಕದಾಗಿರಲಿ ಎಂದರು. ಹದಿನೈದು ಸಾಲು ಬರೆದೆ. ಈ ಸಲ ಮೊದಲ ವಾಕ್ಯವೇ ‘ಈರಕ್ಕ ಕೆರೆ ದಾಟಿ ಬದುಕಿದಳು’. ಎರಡನೆಯದು, ‘ಈ ಪದವನ್ನು ಪೂರ್ತಿಯಾಗಿ ಬಲ್ಲವರು ನಿಂಗಜ್ಜಿಯ ಮಗಳು ಕರಿಯಮ್ಮ’. ಮೂರನೆಯದು ತಪ್ಪು ನನ್ನದೆಂದು. ಪ್ರದರ್ಶನದ ಹಿಂದಿನ ದಿನ ಐದನೇ ಪುಟದಲ್ಲಿ ಆರು ಸಾಲು ಬಂತು. ಉಳಿದ ಒಂಬತ್ತನ್ನು ಕೆಳಗಿನಿಂದ ಕತ್ತರಿಸಿದ್ದರು. ಏನೂ ನಷ್ಟವಾಗಿರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಸ್ವಲ್ಪವೇ. ಮಂತ್ರಿಯ ವಿಷಯದಲ್ಲಿ ಆದ ತಪ್ಪನ್ನು ತಿದ್ದುವಂತೆ ಮಾಡಲು ಹತ್ತು ಜನ ಇರುತ್ತಾರೆ. ಉಣ್ಣೆ ನೂಲುವ ಅಜ್ಜಿಯ ವಿಷಯದಲ್ಲಿ ಆದದ್ದನ್ನು ನೀವೇ ತಿದ್ದಬೇಕು, ಬೇರೆ ಯಾರೂ ಕೇಳುವುದಿಲ್ಲ. ಮತ್ತೊಂದು ಮಾತು. ನನ್ನ ನೋಟ್‌ಬುಕ್ಕಿನಲ್ಲಿ ಈರಕ್ಕ ದಾಟಿದ ಸಂಗತಿ ಇತ್ತು, ಹೇಗೆ ದಾಟಿದಳೆಂಬ ಹಾಡು ಇರಲಿಲ್ಲ. ಅದು ಇದ್ದದ್ದು ನಾವು ಸುಳ್ಳಿ ಎನಿಸಿದ ಹೆ‍ಣ್ಣುಮಗಳ ಬಾಯಲ್ಲಿ. ದಾಖಲೆ ಯಾವಾಗಲೂ ನಮ್ಮ ಕೈಯಲ್ಲೇ ಇರುತ್ತದೆ ಎಂದುಕೊಳ್ಳಬೇಡಿ.

ಪ್ರದರ್ಶನ ಮಧ್ಯಾಹ್ನ ಮೂರು ಗಂಟೆಗೆ. ಆರು ಸಾಲಿನ ತುಣುಕನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಚಿಕ್ಕಣ್ಣ ಬಂದರು. ಆರೂ ಹುಡುಗಿಯರು ಬಂದರು. ಹಟ್ಟಿಯ ಹೆಂಗಸರು ಎರಡು ಟೆಂಪೋ ಮಾಡಿಕೊಂಡು ಬಂದು ಮುಂದಿನ ಸಾಲುಗಳಲ್ಲಿ ಕೂತರು. ರಂಗದ ಎಡಗಡೆ ಕಂಬಳಿ ಹಾಸಿ ಕರಿಯಮ್ಮನನ್ನು ಕೂರಿಸಿದ್ದರು.

ಒಂಬತ್ತು ದಿನ ಮುಗಿಯಿತು. ಮೊಬೈಲ್ ಹೋಯಿತು. ನೀಲಿ ಬಟ್ಟೆಯ ಕೆರೆ ಎರಡೂ ಬದಿಗೆ ತುಂಬಿತು. ಕರಿಯಮ್ಮ ದನಿ ಎತ್ತಿದರು:

ಏರೀಯ ಮ್ಯಾಲೆ ಯಾರವ್ವ ನಿಂತೋಳು
ನೀರೀಗೆ ನೆರಳ ಕೊಟ್ಟೋಳು

ಈರಕ್ಕ ನೀರಿಗೆ ಕಾಲಿಟ್ಟಳು. ಆಗ ಮುಂದಿನ ಸಾಲಿನಲ್ಲಿ ಗದ್ದಲವಾಯಿತು. ಹಟ್ಟಿಯ ಹೆಂಗಸರು ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಇಬ್ಬರು ಕೈ ಮುಗಿದು ಬಾಗಿಲ ಕಡೆ ಹೊರಟಿದ್ದರು. ಯಾರಿಗೂ ಸಿಟ್ಟು ಬಂದಿರಲಿಲ್ಲ. ಮೂವತ್ತು ವರ್ಷ ಪದ ಅಲ್ಲಿಗೇ ಮುಗಿಯುತ್ತಿತ್ತು, ಎದ್ದು ಅಭ್ಯಾಸವಾಗಿತ್ತು ಅಷ್ಟೇ.

ಕರಿಯಮ್ಮ ಹಾಡು ನಿಲ್ಲಿಸಿ ಅವರ ಕಡೆ ನೋಡಿದರು.

“ಎಲ್ಲಿಗ್ರೇ ಹೊಂಟ್ರಿ? ಕುಂತ್ಕಳಿ” ಎಂದರು. “ಇನ್ನೂ ಐತೆ.”